ಮಂಡಿನೋವಿನ ಗುಳಿಗೆ, ಮೂತ್ರಕೋಶದ ಕೆಲಸ

ಪಂಢರಪುರದ ಪಾದಯಾತ್ರೆಯಾದ ಆಷಾಢದ ವಾರಿ ಪುಣೆ ದಾಟುವಾಗ ಹಡಪ್ಸರ್‌ನ ನಮ್ಮ ಔಷಧ ಅಂಗಡಿಯಲ್ಲಿ ಮಂಡಿನೋವಿನದೇ ಮಾತು. ಜ್ಞಾನೇಶ್ವರರ ಪಾಲಖಿ ಇಲ್ಲಿಂದ ದಿವೆ ಘಾಟ್ ಹತ್ತಿ ಸಾಸವಡದ ದಾರಿ ಹಿಡಿಯುತ್ತದೆ. ಬೆಳಗಾವಿ, ವಿಜಯಪುರದ ಹಿರಿಯರು ನನ್ನ ಕನ್ನಡ ಕೇಳಿ ಗೆಲುವಾಗಿ, ಜೇಬಿನಿಂದ ಮಾಸಿದ ಚೀಟಿ ತೆಗೆಯುತ್ತಾರೆ: "ಇದೇ ಗುಳಿಗಿ ಕೊಡವ್ವಾ." ಹೆಚ್ಚಾಗಿ ಅದು ಡೈಕ್ಲೊಫೆನಾಕ್.

ಹಾಗೆ ಬಂದ ಕಾಕಾ ಒಬ್ಬರು ಕೌಂಟರ್ ಹಿಡಿದು ಬಗ್ಗಿಯೇ ನಿಂತಿದ್ದರು. "ಒಂದಕ್ಕ ಬಂದಂಗ ಆಕ್ಕೈತಿ, ಹೋದ್ರ ಬರಂಗಿಲ್ಲ." ಹೊಕ್ಕುಳ ಕೆಳಗೆ ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು. ಪ್ರಾಸ್ಟೇಟ್ ದೊಡ್ಡದಾಗಿದೆಯೆಂದು ಊರಲ್ಲೇ ಹೇಳಿದ್ದರಂತೆ. ದಾರಿಯುದ್ದಕ್ಕೂ ಮಂಡಿಗೆಂದು ಇದೇ ಗುಳಿಗೆ ನುಂಗುತ್ತ ಬಂದಿದ್ದರು. ಕೂಡಲೇ ಆಸ್ಪತ್ರೆಗೆ ಕಳಿಸಿದೆವು. ನಳಿಕೆ ಹಾಕಿ ಮೂತ್ರ ತೆಗೆದ ಮೇಲೆಯೇ ಅವರಿಗೆ ಉಸಿರು ಬಂದದ್ದು.

ಮಂಡಿಗೂ ಮೂತ್ರಕ್ಕೂ ಎತ್ತಣ ಸಂಬಂಧ? ನಡುವೆ ಇರುವುದು ಪ್ರೊಸ್ಟಾಗ್ಲಾಂಡಿನ್. ಜೀವಕೋಶದ ಪೊರೆಯ ಕೊಬ್ಬಿನಾಮ್ಲದಿಂದ ಹುಟ್ಟುವ, ಹಾರ್ಮೋನಿನಂಥ ವಸ್ತು ಇದು. ಆದರೆ ಹಾರ್ಮೋನಿನ ಹಾಗೆ ರಕ್ತದಲ್ಲಿ ದೂರ ಸಾಗುವುದಿಲ್ಲ. ಹುಟ್ಟಿದ ಜಾಗದ ಆಸುಪಾಸಿನಲ್ಲೇ ಕೆಲಸ ಮುಗಿಸಿ ಕರಗುತ್ತದೆ. ಮಂಡಿಯಲ್ಲಿ ನೋವು, ಊತ ತರುವುದೂ ಇದೇ. ಮೂತ್ರಕೋಶ ತುಂಬಿ ಹಿಗ್ಗಿದಾಗ ಅದರ ಗೋಡೆ ಇದನ್ನು ಸ್ರವಿಸುತ್ತದೆ. ನರಗಳು ಚುರುಕಾಗಿ "ತುಂಬಿತು" ಎಂದು ತಿಳಿಸುತ್ತವೆ, ಹಿಂಡುವ ಸ್ನಾಯುವಿಗೂ ಬಲ ಬರುತ್ತದೆ. ಆಸ್ಪಿರಿನ್ ಇದರ ಉತ್ಪತ್ತಿಯನ್ನೇ ತಡೆಯುತ್ತದೆಂದು ಔಷಧವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾಡುವುದೂ ಅದನ್ನೇ, ಮತ್ತು ಮಂಡಿ ಯಾವುದು, ಮೂತ್ರಕೋಶ ಯಾವುದು ಎಂದು ಅವು ನೋಡುವುದಿಲ್ಲ. ಗಟ್ಟಿ ಮೂತ್ರಕೋಶ ಇದನ್ನು ತಾಳಿಕೊಳ್ಳುತ್ತದೆ. ಪ್ರಾಸ್ಟೇಟ್ ದಾರಿ ಅಡ್ಡಗಟ್ಟಿ, ಮೊದಲೇ ತಿಣುಕಾಡುತ್ತಿರುವ ಮೂತ್ರಕೋಶ ಕೆಲವೊಮ್ಮೆ ಸೋತುಬಿಡುತ್ತದೆ. ನೆದರ್‌ಲ್ಯಾಂಡ್ಸ್‌ನ ಗಂಡಸರ ಮೇಲೆ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಬಗೆಯ ನೋವುನಿವಾರಕ ತೆಗೆದುಕೊಳ್ಳುವವರಲ್ಲಿ ಮೂತ್ರ ಕಟ್ಟಿಕೊಳ್ಳುವ ಅಪಾಯ ಸುಮಾರು ಎರಡು ಪಟ್ಟು ಎಂದಿತ್ತು.

ಬಿಸಿಲಲ್ಲಿ ನಡೆದು ಬೆವರಿದವರಿಗೆ ಇನ್ನೊಂದು ಭಯವೂ ಇದೆ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ಕಾಯುವುದೂ ಪ್ರೊಸ್ಟಾಗ್ಲಾಂಡಿನ್ನೇ; ಗುಳಿಗೆ ಅದನ್ನು ತಡೆದರೆ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು.

ಈಗ ವಯಸ್ಸಾದವರು ಈ ಗುಳಿಗೆಯ ಚೀಟಿ ಕೊಟ್ಟರೆ ಮೊದಲು ಕೇಳುತ್ತೇನೆ: ಒಂದಕ್ಕೆ ಧಾರೆ ಸರಿಯಾಗಿದೆಯೇ? ರಾತ್ರಿ ಎಷ್ಟು ಸಲ ಏಳುತ್ತೀರಿ? ನೆಗಡಿಗೆ ಏನಾದರೂ ತಗೊಂಡಿದ್ದೀರಾ? ನೆಗಡಿಯ ಎಷ್ಟೋ ಗುಳಿಗೆಗಳೂ ಮೂತ್ರವನ್ನು ತಡೆಯುತ್ತವೆ, ಎರಡೂ ಸೇರಿದರೆ ಕಷ್ಟ ಹೆಚ್ಚು. ಹೆಂಗಸರ ಎದುರು ಇದನ್ನು ಹೇಳಲು ಗಂಡಸರು ನಾಚುತ್ತಾರೆ, ಹಾಗಾಗಿ ಪಕ್ಕಕ್ಕೆ ಕರೆದು ದನಿ ತಗ್ಗಿಸಿಯೇ ಕೇಳಬೇಕು. ತೊಂದರೆ ಇದೆಯೆಂದವರಿಗೆ ಗುಳಿಗೆ ಕೊಡದೆ ವಾರಿಯ ವೈದ್ಯಕೀಯ ಶಿಬಿರದ ದಾರಿ ತೋರಿಸುತ್ತೇನೆ. ಮೂತ್ರ ಪೂರಾ ನಿಂತವರು ಮಾತ್ರ ನೀರು ಕುಡಿದು ಕಾಯಬಾರದು, ನೇರ ಆಸ್ಪತ್ರೆಗೇ ಹೋಗಬೇಕು.