ಮೀನಿನ ತೊಟ್ಟಿಗೆ ಮೈಲುತುತ್ತು: ಅಳತೆಯನ್ನು ನಂಬುವುದು ಹೇಗೆ?

ಕೃಷಿಯ ಪುಟದಲ್ಲಿ ಗಾಜಿನ ತೊಟ್ಟಿಯ ಮೀನಿನ ಮಾತೇಕೆಂದು ಕೆಲವರು ಹುಬ್ಬೇರಿಸಿಯಾರು. ಆದರೆ ಆ ತೊಟ್ಟಿಗೆ ಹಾಕುವ ಮದ್ದು ನಮಗೇನೂ ಹೊಸದಲ್ಲ. ಅಡಿಕೆಗೆ ಸುಣ್ಣದೊಡನೆ ಬೆರೆಸಿ ಹೊಡೆಯುವ ಮೈಲುತುತ್ತೇ ಅದು. ಗೋವೆಯ ಕಲಂಗುಟ್ಟಿನಲ್ಲಿ ಕೆಲಸಕ್ಕೆಂದು ನೆಲಸಿರುವ ವಾಚಕರೊಬ್ಬರು ನಮ್ಮನ್ನು ಕೇಳಿದ್ದಾರೆ: ಮನೆಯ ಕಡಲ ಮೀನಿಗೆ ಬಿಳಿಚುಕ್ಕೆ ರೋಗ ಬಂದಿದೆ, ತುತ್ತು ಹಾಕಿದ್ದೇವೆ, ಪರೀಕ್ಷೆಯ ಬಣ್ಣ ಬೆಳಿಗ್ಗೆ ಒಂದು ಹೇಳುತ್ತದೆ, ಸಂಜೆ ಇನ್ನೊಂದು, ಯಾವುದನ್ನು ನಂಬೋಣ?

ಪ್ರಶ್ನೆ ಚೆನ್ನಾಗಿದೆ. ಇದರಲ್ಲಿ ತಪ್ಪಿದರೆ ಎರಡು ಕಡೆಯಿಂದಲೂ ನಷ್ಟ. ತಾಮ್ರ ಕಡಿಮೆಯಾದರೆ ರೋಗ ಉಳಿಯುತ್ತದೆ. ಹೆಚ್ಚಾದರೆ ಮೀನೇ ಉಳಿಯುವುದಿಲ್ಲ.

ತೋಟದವರಿಗೆ ತುತ್ತಿನ ಒಂದು ಹಳೆಯ ಪರೀಕ್ಷೆ ಗೊತ್ತು. ಬೋರ್ಡೋ ದ್ರಾವಣದಲ್ಲಿ ಹೊಳೆಯುವ ಕತ್ತಿಯನ್ನು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದು ಅರ್ಥ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಕೊಳೆರೋಗಕ್ಕೆ ಈ ದ್ರಾವಣವನ್ನು ಬಳಕೆಗೆ ತಂದಂದಿನಿಂದ ಮಲೆನಾಡಿನವರಿಗೆ ಇದು ಪರಿಚಿತ. ಆದರೆ ನೂರು ಲೀಟರಿಗೆ ಒಂದು ಕಿಲೋ ತುತ್ತು ಹಾಕಿದ ಆ ದ್ರಾವಣದಲ್ಲಿ ಲೀಟರಿಗೆ ಸುಮಾರು 2500 ಮಿಲಿಗ್ರಾಂ ತಾಮ್ರವಿರುತ್ತದೆ. ಕಡಲ ಮೀನಿನ ತೊಟ್ಟಿಗೆ ಬೇಕಾದುದು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಮಾತ್ರ. ಅಂದರೆ ಹನ್ನೆರಡು ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟು. ಇದು ಕತ್ತಿಗೆ ಸಿಕ್ಕುವ ಲೆಕ್ಕವಲ್ಲ. ನಾಲಗೆಗೂ ಸಿಕ್ಕದು. ಮನುಷ್ಯರು ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂವರೆಗೆ ತಾಮ್ರವಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ನಮಗೆ ನಿರಪಾಯವಾದ ಆ ನೀರು ಸಿಗಡಿಗೂ ಬಸವನಹುಳುವಿಗೂ ಮೃತ್ಯು. ಆದ್ದರಿಂದ ರಾತ್ರಿಯೆಲ್ಲ ತಾಮ್ರದ ಹಂಡೆಯಲ್ಲಿಟ್ಟ ನೀರನ್ನು ತೊಟ್ಟಿಗೆ ಸುರಿಯಕೂಡದು.

ಈಗ ಮುಖ್ಯ ವಿಷಯಕ್ಕೆ ಬರೋಣ. ತೊಟ್ಟಿಯ ನೀರನ್ನು ಪರೀಕ್ಷಿಸುವ ಮೊದಲು ಪರೀಕ್ಷೆಯನ್ನೇ ಪರೀಕ್ಷಿಸತಕ್ಕದ್ದು. ಅಂಗಡಿಯ ತಕ್ಕಡಿಯ ಮೇಲೆ ಸಂಶಯ ಬಂದರೆ ನಾವು ಗೊತ್ತಿರುವ ಬೊಟ್ಟನ್ನಿಟ್ಟು ನೋಡುವುದಿಲ್ಲವೇ? ಹಾಗೆಯೇ ಇಲ್ಲಿಯೂ ತಾಮ್ರದ ಅಳತೆ ಗೊತ್ತಿರುವ ನೀರನ್ನು ನಾವೇ ತಯಾರಿಸಿಕೊಳ್ಳಬೇಕು.

ತುತ್ತಿನ ಹರಳಿನಲ್ಲಿ ಹತ್ತಿರ ಹತ್ತಿರ ಕಾಲುಪಾಲು ತಾಮ್ರ. ಪ್ರಯೋಗಶಾಲೆಗೆ ಸಾಮಾನು ಮಾರುವ ಅಂಗಡಿಯಿಂದ ಶುದ್ಧವಾದ ನೀಲಿ ಹರಳನ್ನು ಕೊಳ್ಳಬೇಕು. ತೋಟಕ್ಕೆ ತಂದ ತುತ್ತಿನಲ್ಲಿ ಕಬ್ಬಿಣವೇ ಮೊದಲಾದ ಕಶ್ಮಲವಿರುವುದುಂಟು. ಬಿಳಿಚಿಕೊಂಡ ಹರಳೂ ಬೇಡ. ಒಳಗಿನ ನೀರು ಹಾರಿಹೋಗಿರುವುದರಿಂದ ಅದರ ಲೆಕ್ಕ ತಪ್ಪುತ್ತದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಸರಿಯಾಗಿ 1 ಗ್ರಾಂ ತೂಗಿಸಿ, 1 ಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿರಿ. ಇದು ಮೂಲ ದ್ರಾವಣ. ಇದರಿಂದ ಮದ್ದು ಕೊಡುವ ಪಿಚಕಾರಿಯಲ್ಲಿ 1 ಮಿಲಿಲೀಟರ್ ತೆಗೆದು, ಮತ್ತೊಂದು ಲೀಟರ್ ಭಟ್ಟಿ ನೀರಿಗೆ ಸೇರಿಸಿದರೆ ಅದರಲ್ಲಿ ಲೀಟರಿಗೆ 0.25 ಮಿಲಿಗ್ರಾಂ ತಾಮ್ರವಿರುತ್ತದೆ. ಅದನ್ನು ನಿಮ್ಮ ಪರೀಕ್ಷೆಗೆ ಒಡ್ಡಿರಿ. 0.25ರ ಬಣ್ಣವೇ ಬಂದರೆ ಮದ್ದುಗಳು ಚೆನ್ನಾಗಿವೆ. 0.1 ಎಂದೋ 0.5 ಎಂದೋ ತೋರಿದರೆ ಬಾಟಲಿ ಹಳತಾಗಿದೆ, ಇಲ್ಲವೇ ಕೈಯಲ್ಲಿ ದೋಷವಿದೆ. ಕೇವಲ ಭಟ್ಟಿ ನೀರನ್ನೂ ಒಮ್ಮೆ ನೋಡಬೇಕು. ಅದು ಸೊನ್ನೆ ತೋರಲೇಬೇಕು. ಕೆಲವು ಮದ್ದುಗಳು ಉಪ್ಪುನೀರಿನಲ್ಲಿ ಬೇರೆ ರೀತಿ ನಡೆದುಕೊಳ್ಳುವುದರಿಂದ, ತೊಟ್ಟಿಗೆಂದು ಹೊಸದಾಗಿ ಕಲಸಿದ, ಇನ್ನೂ ತುತ್ತು ಕಾಣದ ಉಪ್ಪುನೀರಿನಲ್ಲಿಯೂ ಇದನ್ನೇ ಮಾಡಿದರೆ ಸಂಶಯ ಪೂರ್ತಿ ಕಳೆಯುತ್ತದೆ. ಇಷ್ಟು ತೆಳುವಾದ ದ್ರಾವಣದ ತಾಮ್ರ ಪಾತ್ರೆಯ ಗೋಡೆಗೆ ಅಂಟುತ್ತದಾದ್ದರಿಂದ ಅಂದಿನದನ್ನು ಅಂದೇ ಬಳಸಿ ಚೆಲ್ಲಿಬಿಡಿ.

ಕೈಯ ದೋಷಗಳು ಹಲವು, ಎಲ್ಲವೂ ಸಣ್ಣವು. ಹನಿ ಹಾಕುವಾಗ ಬಾಟಲಿಯನ್ನು ನೆಟ್ಟಗೆ ಹಿಡಿಯದಿದ್ದರೆ ಹನಿಯ ಗಾತ್ರ ಬದಲಾಗುತ್ತದೆ. ನಳಿಗೆಯ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಕುಲುಕುವುದು ಕೆಟ್ಟ ರೂಢಿ. ಕಾಗದದಲ್ಲಿ ಹೇಳಿದಷ್ಟು ನಿಮಿಷವನ್ನು ಗಡಿಯಾರ ನೋಡಿಯೇ ಕಾಯಬೇಕು. ಬಣ್ಣವನ್ನು ಹಗಲಿನ ಬೆಳಕಿನಲ್ಲಿ, ನೆರಳಿನಲ್ಲಿ ನಿಂತು ಹೋಲಿಸಬೇಕು. ತೊಟ್ಟಿಯ ನೀಲಿ ದೀಪದ ಕೆಳಗೆ ನೋಡಿದವನಿಗೆ ಎಲ್ಲವೂ ನೀಲಿಯೇ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಎಂಬುದಕ್ಕೆ ಹಲವು ವೇಳೆ ಇದೇ ಕಾರಣ. ಕೆಲಸ ಮುಗಿದ ಮೇಲೆ ನಳಿಗೆಯನ್ನು ಸಾಬೂನಿನಿಂದ ತೊಳೆಯದೆ, ನಿಂಬೆರಸದಿಂದ ಗಲಬರಿಸಿ ಭಟ್ಟಿ ನೀರಿನಲ್ಲಿ ಮೂರು ಸಲ ತೊಳೆಯುವುದು ಲೇಸು.

ಅಂಕೆ ತೋರಿಸುವ ಚಿಕ್ಕ ಯಂತ್ರಗಳೂ ಈಗ ಸಿಗುತ್ತವೆ. ಅಂಕೆಯಲ್ಲಿ ಬಂದದ್ದೆಲ್ಲ ಸತ್ಯವೆಂದು ಭಾವಿಸಬೇಡಿ. 0.05ರಷ್ಟು ಆಚೀಚೆಯಾಗುವ ಯಂತ್ರವು 0.20 ಎಂದರೆ ನಿಜವಾದ ಅಳತೆ 0.15 ಇರಬಹುದು, 0.25 ಕೂಡ ಇರಬಹುದು. ಸಣ್ಣ ಅಳತೆಗೆಂದೇ ಮಾಡಿದುದನ್ನು ಕೊಳ್ಳತಕ್ಕದ್ದು.

ಪೇಟೆಯಲ್ಲಿ ಎರಡು ಜಾತಿಯ ತಾಮ್ರದ ಮದ್ದುಗಳಿವೆ ಎಂಬುದನ್ನು ಬಹು ಜನ ಗಮನಿಸುವುದಿಲ್ಲ. ಒಂದು, ತುತ್ತಿನಂತೆ ಬಿಡಿಯಾದ ತಾಮ್ರ. ಇನ್ನೊಂದು, ಬೇರೆ ವಸ್ತುವಿನೊಡನೆ ಕಟ್ಟಿಹಾಕಿದ ತಾಮ್ರ. ಎರಡನೆಯದರ ಪ್ರಮಾಣ ಎಷ್ಟೋ ಪಾಲು ಹೆಚ್ಚು, ಲೀಟರಿಗೆ 1.5ರಿಂದ 2 ಮಿಲಿಗ್ರಾಂವರೆಗೂ ಹೇಳಿರುತ್ತಾರೆ. ಬಿಡಿ ತಾಮ್ರವನ್ನಷ್ಟೇ ಕಾಣುವ ಪರೀಕ್ಷೆಯಿಂದ ಇದನ್ನು ಅಳೆದರೆ ಕಡಿಮೆ ತೋರುತ್ತದೆ. ಅದನ್ನು ನಂಬಿ ಮತ್ತಷ್ಟು ಹಾಕಿದವನ ಮೀನು ಮರುದಿನ ಮೇಲೆ ತೇಲುತ್ತದೆ. ಯಾವ ಮದ್ದಿಗೆ ಯಾವ ಪರೀಕ್ಷೆ ಎಂಬುದನ್ನು ಬಾಟಲಿಯ ಮೇಲೆ ಓದಿಯೇ ಕೊಳ್ಳಬೇಕು.

ಪರೀಕ್ಷೆ ಸರಿಯೆಂದು ಗೊತ್ತಾದ ಮೇಲೂ ತೊಟ್ಟಿಯ ಅಳತೆ ದಿನದಿನಕ್ಕೆ ಇಳಿಯುತ್ತಿದ್ದರೆ ತಾಮ್ರವು ನಿಜವಾಗಿಯೇ ಹೋಗುತ್ತಿದೆ ಎಂದು ತಿಳಿಯಿರಿ. ಕಲಂಗುಟ್ಟಿನ ದಂಡೆಯಲ್ಲಿ ಆರಿಸಿದ ಚಿಪ್ಪು, ಹವಳದ ಚೂರುಗಳನ್ನು ತಳದಲ್ಲಿ ಹರಡುವುದು ಚೆಂದವೇ ಸರಿ. ಆದರೆ ಅವು ಸುಣ್ಣದ ಕಲ್ಲುಗಳು, ತಾಮ್ರವನ್ನು ಹೀರುತ್ತವೆ. ಇದ್ದಿಲು ಹಾಕಿದ ಸೋಸುಕವೂ ಹಾಗೆಯೇ. ಚಿಕಿತ್ಸೆಯನ್ನು ಬರಿದಾದ ಬೇರೆ ತೊಟ್ಟಿಯಲ್ಲಿ ಮಾಡತಕ್ಕದ್ದು. ಕಡಲಿನಿಂದಲೇ ನೀರು ತರುವವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ದಂಡೆಯ ನೀರಿನ ಉಪ್ಪು ತೆಳುವಾಗುತ್ತದೆ, ಕೆಸರೂ ಸೇರುತ್ತದೆ; ದೋಣಿಗಳ ತಳಕ್ಕೆ ಬಳಿಯುವ ಬಣ್ಣಗಳಲ್ಲಿ ತಾಮ್ರವಿರುವುದುಂಟಾದ್ದರಿಂದ ದೋಣಿ ನಿಲ್ಲುವ ಕಡೆಯ ನೀರು ಯಾವ ಕಾಲಕ್ಕೂ ಬೇಡ.

ಅಳತೆಯನ್ನು ಇಷ್ಟು ಬಿಗಿಯಾಗಿ ಕಾಯುವುದೇಕೆಂದರೆ, ಮೀನಿನ ಮೈಯೊಳಗೆ ಕುಳಿತ ರೋಗಾಣುವನ್ನು ತಾಮ್ರ ಮುಟ್ಟಲಾರದು. ಅದು ಉದುರಿ, ತಳದಲ್ಲಿ ಗೂಡು ಕಟ್ಟಿ, ಅದರಿಂದ ಮರಿಗಳು ಹೊರಬಂದು ಈಜುವಾಗ ಮಾತ್ರ ಸಿಕ್ಕುತ್ತದೆ. ಎಲ್ಲ ಗೂಡುಗಳೂ ಒಂದೇ ದಿನ ಒಡೆಯುವುದಿಲ್ಲ. ಮೂರು ನಾಲ್ಕು ವಾರ ಅಳತೆ ಒಂದೇ ಸಮನೆ ನಿಲ್ಲಬೇಕು. ನಡುವೆ ಎರಡು ದಿನ ಇಳಿದರೂ ಆವರೆಗಿನ ಶ್ರಮ ನೀರಿಗೆ ಹೋಯಿತು.

ಪ್ರಮಾಣಕ್ಕೆ ಒಂದು ಉದಾಹರಣೆ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಲೆಕ್ಕಕ್ಕೆ 54 ಲೀಟರ್. ಅಂಚಿನವರೆಗೆ ಯಾರೂ ತುಂಬುವುದಿಲ್ಲವಾಗಿ, ನೀರು 45 ಲೀಟರ್ ಎನ್ನೋಣ. ಅದಕ್ಕೆ 0.20ರ ಅಳತೆ ಬರಲು ಮೇಲಿನ ಮೂಲ ದ್ರಾವಣ ಸುಮಾರು 35 ಮಿಲಿಲೀಟರ್ ಸಾಕು. ಮೊದಲ ದಿನ ಅರ್ಧ ಹಾಕಿ, ಕೆಲವು ಗಂಟೆ ಬಿಟ್ಟು ಅಳೆದು, ಉಳಿದುದನ್ನು ಮರುದಿನ ಸೇರಿಸಿರಿ. ಆಮೇಲೆ ದಿನವೂ ಒಂದೇ ಹೊತ್ತಿಗೆ ಅಳೆದು ಪುಸ್ತಕದಲ್ಲಿ ಬರೆದಿಡಬೇಕು.

ಸಿಹಿನೀರಿನ ಬಂಗಾರ ಮೀನು ಸಾಕಿದವರು ಈ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿನೀರು ಬಹುಮಟ್ಟಿಗೆ ಮೆದು. ಮೆದು ನೀರಿನಲ್ಲಿ ತಾಮ್ರದ ವಿಷ ಏರುತ್ತದೆ. ಅಂಥಲ್ಲಿ ಬಿಳಿಚುಕ್ಕೆಗೆ ಅಡುಗೆಯ ಉಪ್ಪಿನ ಚಿಕಿತ್ಸೆಯೇ ಮೇಲು.

ತುತ್ತಿನ ಬಾಟಲಿಗೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ, ಅಡುಗೆಮನೆಯಿಂದ ದೂರ ಇಡಿ. ಚಿಕಿತ್ಸೆ ಮುಗಿದ ನೀರನ್ನು ಬಾವಿ, ಕೆರೆ, ಹಳ್ಳಗಳ ಹತ್ತಿರ ಚೆಲ್ಲಕೂಡದು.