ಒಂದು ಅಂಕದ ಬೆಲೆ

ಮೈಸೂರು ನಗರದ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಮೋಟಾರ್ ಸೈಕಲ್ ಕಾರ್ಖಾನೆಯೊಂದು ನಡೆಯಿತು. ಅದರ ಹೆಸರು ಐಡಿಯಲ್ ಜಾವಾ. ಇರಾನಿ ಮನೆತನದ ಉದ್ಯಮಿಗಳು ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಸಹಯೋಗದಿಂದ ಇದನ್ನು ಸ್ಥಾಪಿಸಿದರು. ಇಲ್ಲಿ ತಯಾರಾದ ವಾಹನಗಳು ಮೊದಲು ‘ಜಾವಾ’ ಎಂದೂ 1970ರ ದಶಕದಿಂದ ‘ಯೆಜ್ಡಿ’ ಎಂದೂ ಹೆಸರಾದವು. ಸದ್ದನ್ನು ಕೇಳಿದೊಡನೆಯೇ ಬರುತ್ತಿರುವುದು ಜಾವಾ ಎಂದು ಹೇಳಬಲ್ಲವರು ಮೈಸೂರಿನಲ್ಲಿ ಇಂದಿಗೂ ಇದ್ದಾರೆ.

ಮೈಸೂರಿನ ರಸ್ತೆಗಳಲ್ಲಿ ಮನೆಮಾತಾಗಿದ್ದ ಈ ಹೆಸರು ಯೂರೋಪಿನ ಪಂದ್ಯದ ಅಂಗಳಗಳಲ್ಲಿಯೂ ಕೀರ್ತಿಯನ್ನು ಗಳಿಸಿತ್ತು. ಅಲ್ಲಿ ಓಡುತ್ತಿದ್ದುದು ಬೇರೆಯೇ ಬಗೆಯ ಯಂತ್ರ. ಚೆಕೊಸ್ಲೊವಾಕಿಯದ ದಿವಿಶೊವ್ ಎಂಬ ಊರಿನಲ್ಲಿ ಯಾರೊಸ್ಲಾವ್ ಸಿಮಾಂದ್ಲ್ ಎಂಬಾತನು ‘ಎಸೊ’ ಎಂಬ ಪಂದ್ಯದ ವಾಹನಗಳನ್ನು ತಯಾರಿಸುತ್ತಿದ್ದನು. 1960ರ ದಶಕದಲ್ಲಿ ಆ ಕಾರ್ಖಾನೆಯು ಜಾವಾ ಸಂಸ್ಥೆಯೊಡನೆ ಸೇರಿತು. ಅಂದಿನಿಂದ ಆ ವಾಹನಗಳಿಗೂ ಜಾವಾ ಎಂಬ ಹೆಸರೇ ಬಂದಿತು. ಅವು ಓಡುತ್ತಿದ್ದ ಕ್ರೀಡೆಯೇ ಸ್ಪೀಡ್‌ವೇ.

ಸ್ಪೀಡ್‌ವೇ ನೋಡುವವರ ಎದೆ ನಡುಗಿಸುವ ಆಟ. ಮಣ್ಣು ಹಾಸಿದ, ಮೊಟ್ಟೆಯಾಕಾರದ ಪಥ. ಶಾಲೆಯ ಓಟದ ಮೈದಾನದಷ್ಟೇ ಅದರ ಅಳತೆ. ನಾಲ್ವರು ಸವಾರರು ಅಪ್ರದಕ್ಷಿಣವಾಗಿ ನಾಲ್ಕು ಸುತ್ತು ಓಡಬೇಕು. ಸುಮಾರು ಒಂದು ನಿಮಿಷದೊಳಗೆ ಎಲ್ಲವೂ ಮುಗಿದುಹೋಗುತ್ತದೆ. ವಾಹನದ ಎಂಜಿನ್ 500 ಸಿ.ಸಿ. ಶಕ್ತಿಯದು, ಅದಕ್ಕೆ ಪೆಟ್ರೋಲಿಗೆ ಬದಲಾಗಿ ಮೆಥನಾಲ್ ಇಂಧನ. ಗೇರು ಒಂದೇ. ಎಲ್ಲಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ, ಈ ವಾಹನಕ್ಕೆ ಬ್ರೇಕೇ ಇಲ್ಲ! ಮುಂದಿರುವವನು ಥಟ್ಟನೆ ಬ್ರೇಕ್ ಹಾಕಿದರೆ ಬೆನ್ನ ಹಿಂದೆಯೇ ಬರುತ್ತಿರುವವನು ಬಂದು ಅಪ್ಪಳಿಸುವನು. ಆದುದರಿಂದ ತಿರುವಿನಲ್ಲಿ ಸವಾರನು ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸುತ್ತಾನೆ. ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಊರಿ, ಮುಂದಿನ ಚಕ್ರವನ್ನು ಬಲಕ್ಕೆ ಹೊರಳಿಸಿ, ಎಡಕ್ಕೆ ಸಾಗುತ್ತಾನೆ. ಎದುರಾಳಿಗಳಾದರೂ ಒಬ್ಬನ ಪ್ರಾಣ ಮತ್ತೊಬ್ಬನ ಸಂಯಮವನ್ನು ನಂಬಿರುತ್ತದೆ.

ಈ ಕ್ರೀಡೆಯ ವೈಯಕ್ತಿಕ ವಿಶ್ವ ಪಂದ್ಯ 1936ರಲ್ಲಿ ಇಂಗ್ಲೆಂಡಿನ ವೆಂಬ್ಲಿಯಲ್ಲಿ ಆರಂಭವಾಯಿತು. ರಾಷ್ಟ್ರ ರಾಷ್ಟ್ರಗಳ ತಂಡಗಳು ಸೆಣಸುವ ವಿಶ್ವ ತಂಡ ಪಾರಿತೋಷಕ ಆರಂಭವಾದುದು 1960ರಲ್ಲಿ. ಮೊದಲ ವರ್ಷ ಸ್ವೀಡನ್ ಗೆದ್ದಿತು, ಮರುವರ್ಷ ಪೋಲೆಂಡ್.

ಮೊದಲ ಹಲವು ವರ್ಷಗಳ ಅಂತಿಮ ಪಂದ್ಯಗಳ ಕ್ರಮ ಹೀಗಿತ್ತು: ನಾಲ್ಕು ದೇಶಗಳು, ದೇಶಕ್ಕೆ ನಾಲ್ವರು ಸವಾರರು, ಒಟ್ಟು 16 ಓಟಗಳು. ಪ್ರತಿ ಓಟದಲ್ಲಿಯೂ ದೇಶಕ್ಕೊಬ್ಬನಂತೆ ನಾಲ್ವರು. ಮೊದಲಿಗನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಎಲ್ಲರ ಅಂಕಗಳನ್ನೂ ಕೂಡಿದಾಗ ದೇಶದ ಅಂಕ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮ ಅಡಗಿದೆ. ಒಂದು ತಂಡದಲ್ಲಿ ಒಬ್ಬ ಮಹಾವೀರನಿರುವನೆಂದೂ ತನ್ನ ನಾಲ್ಕು ಓಟಗಳನ್ನೂ ಅವನು ಗೆಲ್ಲುವನೆಂದೂ ಭಾವಿಸೋಣ. ಅವನಿಗೆ 12 ಅಂಕ. ಅವನ ಸಂಗಡಿಗರು ಎಲ್ಲ ಓಟಗಳಲ್ಲಿಯೂ ಕೊನೆಯವರಾದರೆ ತಂಡದ ಮೊತ್ತ 12ರಲ್ಲಿಯೇ ನಿಲ್ಲುತ್ತದೆ. ಇನ್ನೊಂದು ತಂಡದಲ್ಲಿ ಯಾವ ವೀರನೂ ಇಲ್ಲ. ಅವರು 16 ಓಟಗಳಲ್ಲಿಯೂ ಎರಡನೆಯವರಾಗಿಯೇ ಬರುತ್ತಾರೆ. ಅವರ ಮೊತ್ತ 32. ಉಳಿದ ಎರಡು ತಂಡಗಳು ಮಿಕ್ಕ 52 ಅಂಕಗಳನ್ನು ಸಮನಾಗಿ ಹಂಚಿಕೊಂಡರೆ ಒಂದೊಂದಕ್ಕೆ 26. ಒಂದೇ ಒಂದು ಓಟವನ್ನೂ ಗೆಲ್ಲದ ತಂಡಕ್ಕೆ ಪಾರಿತೋಷಕ! ‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ನಮ್ಮ ಹಿರಿಯರ ಮಾತು ಇಲ್ಲಿ ಗಣಿತದಿಂದಲೇ ಸಿದ್ಧವಾಗುತ್ತದೆ.

ಆದುದರಿಂದಲೇ ಗೆಲ್ಲುವ ಆಸೆ ಕೈಬಿಟ್ಟುಹೋದ ಸವಾರನೂ ಮೂರನೆಯ ಸ್ಥಾನಕ್ಕಾಗಿ ಕೊನೆಯ ತಿರುವಿನವರೆಗೆ ಹೋರಾಡುತ್ತಾನೆ. ಆ ಒಂದು ಅಂಕಕ್ಕೆ ಜನರ ಚಪ್ಪಾಳೆ ದೊರೆಯದಿರಬಹುದು; ತಂಡದ ಲೆಕ್ಕದಲ್ಲಿ ಅದಕ್ಕೆ ಸ್ಥಾನವುಂಟು.

ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. 1970ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ಓಲೆ ಓಲ್ಸೆನ್, ನ್ಯೂಜಿಲೆಂಡಿನ ಐವನ್ ಮಾಗರ್ ಮೊದಲಾದವರು ಜಾವಾ ಏರಿಯೇ ವೈಯಕ್ತಿಕ ವಿಶ್ವ ವಿಜೇತರಾದರು. ಆದರೆ ಅಂತಹ ಉತ್ತಮ ಯಂತ್ರವನ್ನು ಜಗತ್ತಿಗೆ ಕೊಟ್ಟ ಚೆಕೊಸ್ಲೊವಾಕಿಯಕ್ಕೆ ವಿಶ್ವ ತಂಡ ಪಾರಿತೋಷಕ ಒಮ್ಮೆಯೂ ದೊರೆಯಲಿಲ್ಲ. 1963ರಲ್ಲಿ ಅದು ಎರಡನೆಯ ಸ್ಥಾನ ಪಡೆಯಿತು. ಸುಮಾರು 30 ಲಕ್ಷ ಜನರಷ್ಟೇ ಇದ್ದ ನ್ಯೂಜಿಲೆಂಡ್ 1979ರಲ್ಲಿ ಪಾರಿತೋಷಕವನ್ನು ಗೆದ್ದಿತು. ಮಾಗರ್‌ನಂತಹ ಮಹಾ ಸವಾರ ಆ ತಂಡದಲ್ಲಿದ್ದುದು ನಿಜ. ಆದರೆ ಅವನೊಬ್ಬನ ಅಂಕಗಳಿಂದಲೇ ಗೆಲುವು ಸಾಧ್ಯವಿರಲಿಲ್ಲ.

ಮುಂದೆ ಪಂದ್ಯದ ರೂಪ ಬದಲಾಯಿತು. 2001ರಿಂದ ಅದು ಸ್ಪೀಡ್‌ವೇ ವಿಶ್ವ ಕಪ್ ಎನಿಸಿತು. 2018ರಲ್ಲಿ ಜೋಡಿ ಸವಾರರ ಸ್ಪೀಡ್‌ವೇ ಆಫ್ ನೇಷನ್ಸ್ ಆರಂಭವಾಯಿತು. 2023ರಲ್ಲಿ ವಿಶ್ವ ಕಪ್ ಮರಳಿ ಬಂದಾಗ ಪೋಲೆಂಡ್ ಗೆದ್ದಿತು. ಜೋಡಿಗಳ ಪಂದ್ಯದಲ್ಲಿ ಈಚೆಗೆ 4, 3, 2, 0 ಎಂಬ ಅಂಕಕ್ರಮ ಬಂದಿದೆ. ಒಬ್ಬನು ಮೊದಲಿಗನಾಗಿ ಜೊತೆಗಾರನು ಕೊನೆಯವನಾದರೆ 4 ಅಂಕ. ಇಬ್ಬರೂ ಎರಡನೆಯ ಮತ್ತು ಮೂರನೆಯವರಾದರೆ 5. ಜೊತೆಗಾರನನ್ನು ಹಿಂದೆ ಬಿಟ್ಟು ತಾನೊಬ್ಬನೇ ಮುಂದೋಡುವವನನ್ನು ನಿಯಮವೇ ತಿದ್ದುತ್ತದೆ.

ಮೈಸೂರಿನ ಕಾರ್ಖಾನೆ ಈಗಿಲ್ಲ. ಆದರೂ ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಹಳೆಯ ಜಾವಾ, ಯೆಜ್ಡಿಗಳ ಒಡೆಯರು ಒಂದೆಡೆ ಸೇರಿ ಆ ದಿನವನ್ನು ಆಚರಿಸುತ್ತಾರೆ. ಮೂರು, ನಾಲ್ಕು ದಶಕ ಕಳೆದ ವಾಹನಗಳು ಇನ್ನೂ ಓಡುತ್ತಿವೆಯೆಂದರೆ ಅದು ಯಾರೊಬ್ಬನ ಸಾಧನೆಯೂ ಅಲ್ಲ. ಎಂಜಿನ್ ಜೋಡಿಸಿದವನು, ಚಕ್ರದ ಕಡ್ಡಿ ಬಿಗಿದವನು, ಬಣ್ಣ ಬಳಿದವನು – ಇವರಲ್ಲಿ ಯಾರ ಹೆಸರೂ ವಾಹನದ ಮೇಲಿಲ್ಲ. ಚಕ್ರದ ಕಡ್ಡಿ ಸಡಿಲವಾಗಿದ್ದರೆ ಎಂಜಿನ್ನಿನ ಬಲದಿಂದ ಪ್ರಯೋಜನವೇನು? ಅವರು ಪ್ರತಿಯೊಬ್ಬರೂ ತಮ್ಮ ಪಾಲಿನ ಒಂದು ಅಂಕವನ್ನು ತಪ್ಪದೆ ತಂದರು.