‘ಪ್ರೈಮಿಂಗ್’ ಎಂಬ ಪದ ಮತ್ತು ಪೂರ್ವಜ್ಞಾನ: ಕಾಂಕ್ರೀಟ್ ಪಂಪ್ ಕುರಿತ ಒಂದು ಪಾಠ

ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಅಂಶವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ‘ವಿದ್ಯಾರ್ಥಿಗಳಿಗೆ ಪಂಪಿನ ಬಗ್ಗೆ ತಿಳಿದಿದೆ.’ ಏನು ತಿಳಿದಿದೆ, ಆ ತಿಳಿವಳಿಕೆ ಈ ಪಾಠಕ್ಕೆ ನೆರವಾಗುತ್ತದೆಯೇ ಅಡ್ಡಿಯಾಗುತ್ತದೆಯೇ ಎಂಬುದನ್ನು ಬರೆಯುವುದಿಲ್ಲ. ಕಟ್ಟಡ ಕೆಲಸ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ನಾನು ನಡೆಸಿದ ಒಂದು ಮಾದರಿ ಪಾಠದ ವಿವರ ಇಲ್ಲಿದೆ. ಕಾಂಕ್ರೀಟ್ ಹಾಕುವ ಮೊದಲು ಪಂಪನ್ನು ಪ್ರೈಮ್ ಮಾಡುವುದು ಪಾಠದ ವಿಷಯ.

ಪೂರ್ವಜ್ಞಾನದ ಪರಿಶೀಲನೆ

‘ಪ್ರೈಮಿಂಗ್ ಎಂಬ ಮಾತನ್ನು ಎಲ್ಲಿ ಕೇಳಿದ್ದೀರಿ?’ ಎಂಬ ಪ್ರಶ್ನೆಯಿಂದ ಪಾಠ ಆರಂಭಿಸಿದೆ. ಹಳ್ಳಿಗಳಿಂದ ಬರುವ ಹುಡುಗರು ತೋಟದ ಮೋಟಾರನ್ನು ಹೇಳಿದರು. ‘ಫುಟ್‌ವಾಲ್ವ್ ಸೋರಿ ನೀರು ಇಳಿದುಹೋದರೆ ಮೋಟಾರ್ ನೀರೆತ್ತಲ್ಲ ಸರ್. ಬಿಂದಿಗೆಯಲ್ಲಿ ನೀರು ಹೊಯ್ದು ಗಾಳಿ ತೆಗೆಯಬೇಕು.’ ಹಿಂದಿನ ಬೆಂಚಿನವನೊಬ್ಬ ಬೇರೆ ಉತ್ತರ ಕೊಟ್ಟ: ‘ಗೋಡೆಗೆ ಬಣ್ಣ ಹೊಡೆಯೋ ಮುಂಚೆ ಪ್ರೈಮರ್ ಹೊಡೀತಾರಲ್ಲ, ಅದು.’

ಎರಡೂ ಉತ್ತರಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದೆ. ಮೊದಲನೆಯದರ ಕೆಳಗೆ ‘ತುಂಬುವುದು’, ಎರಡನೆಯದರ ಕೆಳಗೆ ‘ಬಳಿಯುವುದು’ ಎಂದು ಬರೆದೆ. ‘ಕಾಂಕ್ರೀಟ್ ಪಂಪಿಗೆ ಯಾವುದು ಸರಿ?’ ಎಂದಾಗ ಹೆಚ್ಚು ಕೈಗಳು ‘ತುಂಬುವುದು’ ಎಂಬುದಕ್ಕೇ ಎದ್ದವು. ಅದೂ ಪಂಪ್, ಇದೂ ಪಂಪ್ ಎಂಬುದು ಅವರ ತರ್ಕ. ಆ ಉತ್ತರ ಸರಿಯೋ ತಪ್ಪೋ ಎಂದು ಆಗ ಹೇಳದೆ ಪ್ರಾತ್ಯಕ್ಷಿಕೆಗೆ ಹೋದೆ.

ಪ್ರಾತ್ಯಕ್ಷಿಕೆ

ಸೂರಿನ ನೀರು ಹರಿಯಲು ಕಟ್ಟುವ ತಗಡಿನ ದೋಣಿಯ ಮೂರು ತುಂಡುಗಳನ್ನು ಒಂದೇ ಇಳಿಜಾರಿನಲ್ಲಿ ಇಟ್ಟಿದ್ದೆವು. ಮೊದಲನೆಯದು ಒಣದು. ಎರಡನೆಯದರಲ್ಲಿ ನೀರು ಹರಿಯುತ್ತಿತ್ತು. ಮೂರನೆಯದಕ್ಕೆ ಸಿಮೆಂಟ್ ಹಾಲು ಬಳಿದಿತ್ತು. ಮೂರಕ್ಕೂ ಒಂದೇ ಹದದ ಕಾಂಕ್ರೀಟನ್ನು ಒಂದೊಂದು ಬಾಂಡ್ಲಿ ಸುರಿಯುವುದು ಯೋಜನೆ. ಹಸಿ ಸಿಮೆಂಟು ಚರ್ಮವನ್ನು ಸುಡುವುದರಿಂದ ಎಲ್ಲರೂ ಕೈಗವಸು ಹಾಕಿದ್ದರು. ಸುರಿಯುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದರು.

ಒಣ ದೋಣಿಯಲ್ಲಿ ಕಾಂಕ್ರೀಟು ಅರ್ಧ ದಾರಿಯಲ್ಲೇ ನಿಂತಿತು. ಅದು ಬಂದ ದಾರಿಯುದ್ದಕ್ಕೂ ಸಿಮೆಂಟ್ ಪಾಕ ತಗಡಿಗೆ ಅಂಟಿಕೊಂಡಿತ್ತು. ನೀರಿನ ದೋಣಿಯಲ್ಲಿ ಬೇಗ ಜಾರಿತು, ಆದರೆ ಮುಂಭಾಗದ ಜಲ್ಲಿ ತೊಳೆದಿಟ್ಟಂತೆ ಬೋಳಾಗಿತ್ತು. ಸಿಮೆಂಟ್ ಹಾಲಿನ ದೋಣಿಯಲ್ಲಿ ಇಡೀ ಮುದ್ದೆ ಒಟ್ಟಾಗಿ ಇಳಿಯಿತು. ‘ಮುಂದಿರುವ ಜಲ್ಲಿಯ ಮೈ ನೋಡಿ’ ಎಂಬುದೊಂದೇ ನನ್ನ ಸೂಚನೆ. ‘ಒಣ ತಗಡು ಪಾಕ ಕಸಿದುಕೊಂಡಿತು, ನೀರು ಪಾಕ ತೊಳೆದುಬಿಟ್ಟಿತು’ ಎಂಬ ವಾಕ್ಯವನ್ನು ವಿದ್ಯಾರ್ಥಿಗಳೇ ಕಟ್ಟಿದರು.

ಪೈಪಿನೊಳಗೂ ಕಾರಣ ಇದೇ. ಕಾಂಕ್ರೀಟು ಪೈಪಿನಲ್ಲಿ ನೀರಿನಂತೆ ಹರಿಯುವುದಿಲ್ಲ, ಉದ್ದನೆಯ ಬಿರಡೆಯಂತೆ ಜಾರುತ್ತದೆ. ಗೋಡೆಗಂಟಿದ ತೆಳು ಪಾಕದ ಪದರವೇ ಆ ಜಾರಿಕೆಗೆ ಆಧಾರ. ಪೈಪು ಒಣಗಿದ್ದರೆ ಮುಂದೆ ಸಾಗುವ ಕಾಂಕ್ರೀಟು ತನ್ನ ಪಾಕವನ್ನೇ ಗೋಡೆಗೆ ಕೊಡುತ್ತ ಹೋಗುತ್ತದೆ. ಕೊನೆಗೆ ಉಳಿದ ಬರಿ ಜಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ಪೈಪು ಕಟ್ಟಿಕೊಳ್ಳುತ್ತದೆ. ಬರಿ ನೀರು ಬಿಟ್ಟು ಅದರ ಹಿಂದೆಯೇ ಕಾಂಕ್ರೀಟು ಕಳಿಸಿದರೂ ಪರಿಣಾಮ ಇದೇ. ದೋಣಿಯಲ್ಲಿ ಪಂಪಿನ ಒತ್ತಡ ಇರುವುದಿಲ್ಲ. ಪ್ರಾತ್ಯಕ್ಷಿಕೆಯ ಈ ಮಿತಿಯನ್ನೂ ತರಗತಿಗೆ ಹೇಳಬೇಕು.

ಲೆಕ್ಕ

‘ತುಂಬುವುದು’ ಮತ್ತು ‘ಬಳಿಯುವುದು’ ಇವೆರಡರ ಅಂತರ ಅಂಕಿಗಳಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. 125 ಮಿ.ಮೀ. ಒಳವ್ಯಾಸದ, 100 ಮೀಟರ್ ಉದ್ದದ ಪೈಪನ್ನು ತೆಗೆದುಕೊಂಡೆವು. ಅದನ್ನು ತುಂಬಲು ಸುಮಾರು 1,227 ಲೀಟರ್ ಬೇಕು. ಒಳಗೋಡೆಯ ವಿಸ್ತೀರ್ಣ ಸುಮಾರು 39.27 ಚದರ ಮೀಟರ್. ಅದಕ್ಕೆ 2 ಮಿ.ಮೀ. ಪದರ ಬಳಿಯುವುದೆಂದು ಇಟ್ಟುಕೊಂಡರೆ ಸಾಕಾಗುವುದು ಸುಮಾರು 79 ಲೀಟರ್. 50 ಕೆ.ಜಿ.ಯ ಒಂದು ಚೀಲ ಸಿಮೆಂಟಿಗೆ 50 ಲೀಟರ್ ನೀರು ಬೆರೆಸಿದರೆ ಸುಮಾರು 66 ಲೀಟರ್ ಹಾಲು ಸಿಗುತ್ತದೆ. ಹಾಗಾಗಿ ಎರಡು ಚೀಲ ಎಂಬ ಉತ್ತರ ಬಂತು. ಕೆಲಸದ ಜಾಗದಲ್ಲಿ ಹಾಪರ್, ಸಿಲಿಂಡರ್, ಬೆಂಡ್‌ಗಳಿಗೂ ಪಾಕ ಬೇಕಾಗುವುದರಿಂದ ಪಂಪ್ ತಯಾರಕರ ಸೂಚನೆಯನ್ನೇ ಅನುಸರಿಸಬೇಕೆಂದು ಸೇರಿಸಿದೆ.

ಕ್ರಮ

ಕಾರಣ ತಿಳಿದ ಮೇಲೆ ಕ್ರಮವನ್ನು ವಿದ್ಯಾರ್ಥಿಗಳಿಂದಲೇ ಹೊರಡಿಸಲು ಸಾಧ್ಯವಾಯಿತು. ಕರಿಹಲಗೆಯ ಮೇಲೆ ಉಳಿದದ್ದು ಇಷ್ಟು:

1. ಪೈಪಿನ ಜೋಡಣೆ, ಕ್ಲ್ಯಾಂಪ್, ವಾಷರ್ ಪರೀಕ್ಷಿಸುವುದು. ಬಿಸಿಲಿದ್ದರೆ ಪೈಪಿನ ಮೇಲೆ ಒದ್ದೆ ಗೋಣಿಚೀಲ ಹೊದಿಸುವುದು.
2. ಹಾಪರ್ ಮತ್ತು ಪೈಪನ್ನು ನೀರಿನಿಂದ ಒದ್ದೆ ಮಾಡಿ, ನಿಂತ ನೀರನ್ನು ಹೊರಬಿಡುವುದು.
3. ಮೊದಲು ಸಿಮೆಂಟ್ ಹಾಲು, ಹಿಂದೆಯೇ ಸಿಮೆಂಟ್–ಮರಳಿನ ಗಾರೆ ಕಳಿಸುವುದು.
4. ಗಾರೆ ಹಾಪರಿನಲ್ಲಿ ಪೂರ್ತಿ ಖಾಲಿಯಾಗುವ ಮೊದಲೇ ಕಾಂಕ್ರೀಟು ಸುರಿದು ನಿಧಾನವಾಗಿ ಪಂಪ್ ಮಾಡುವುದು. ಕಾಂಕ್ರೀಟಿನ ಲಾರಿ ಬಂದು ನಿಲ್ಲುವವರೆಗೆ ಪ್ರೈಮಿಂಗ್ ಆರಂಭಿಸಬಾರದು, ತಡವಾದರೆ ಬಳಿದ ಪದರವೇ ಗಟ್ಟಿಯಾಗುತ್ತದೆ.
5. ತುದಿಯಲ್ಲಿ ಮೊದಲು ಬರುವ ಹಾಲು, ಗಾರೆಯನ್ನು ಬೇರೆ ತೊಟ್ಟಿಗೆ ಹಿಡಿಯುವುದು. ಅದು ಕಂಬಕ್ಕೋ ತೊಲೆಗೋ ಬಿದ್ದರೆ ಆ ಭಾಗದಲ್ಲಿ ಜಲ್ಲಿಯಿಲ್ಲದೆ ಕಾಂಕ್ರೀಟು ದುರ್ಬಲವಾಗುತ್ತದೆ.

ಸುರಕ್ಷತೆ

ಈ ಭಾಗಕ್ಕೆ ಹತ್ತು ನಿಮಿಷ ಮೀಸಲಿಟ್ಟೆ. ಈ ತರಗತಿಯ ಕೆಲವರು ಮುಂದಿನ ವರ್ಷವೇ ಹೋಸ್ ಪೈಪಿನ ತುದಿ ಹಿಡಿದು ನಿಲ್ಲುವವರು. ಗಾಳಿಯ ಮಾತು ಇಲ್ಲಿ ಮತ್ತೆ ಬರುತ್ತದೆ, ಬೇರೆ ಅರ್ಥದಲ್ಲಿ. ಹಾಪರ್ ಖಾಲಿಯಾದರೆ ಪಂಪ್ ಗಾಳಿ ಎಳೆದುಕೊಳ್ಳುತ್ತದೆ. ಪೈಪಿನಲ್ಲಿ ಅದುಮಿದ ಆ ಗಾಳಿ ತುದಿಯಲ್ಲಿ ಒಮ್ಮೆಲೇ ಹೊರಬಿದ್ದಾಗ ಹೋಸ್ ಚಾಟಿಯಂತೆ ಬೀಸುತ್ತದೆ. ಆದ್ದರಿಂದ ಪಂಪ್ ಶುರುವಾಗುವಾಗ, ಕಟ್ಟಿಕೊಂಡದ್ದನ್ನು ಬಿಡಿಸುವಾಗ ಯಾರೂ ತುದಿಯ ಹತ್ತಿರ ಇರಕೂಡದು. ಪೈಪು ಕಟ್ಟಿಕೊಂಡರೆ ಪಂಪನ್ನು ಹಿಮ್ಮುಖವಾಗಿ ನಡೆಸಿ ಒತ್ತಡ ಇಳಿಸಬೇಕು. ಒತ್ತಡವಿರುವಾಗ ಕ್ಲ್ಯಾಂಪ್ ಮುಟ್ಟಬಾರದು. ಇದನ್ನು ಎಲ್ಲರಿಂದಲೂ ಎರಡು ಬಾರಿ ಬಾಯಿಬಿಟ್ಟು ಹೇಳಿಸಿದೆ.

ಮೌಲ್ಯಮಾಪನ

ಕೊನೆಗೆ ಒಂದು ಸನ್ನಿವೇಶ ಕೊಟ್ಟೆ: ‘ಮೇಸ್ತ್ರಿ ಹೇಳುತ್ತಾರೆ, ಎರಡು ಡ್ರಮ್ ನೀರು ಬಿಡ್ರೋ, ಗಾಳಿ ಹೋಗುತ್ತೆ, ಸಾಕು. ನೀವೇನು ಹೇಳುತ್ತೀರಿ?’ ಮೋಟಾರಿನ ಉದಾಹರಣೆ ಕೊಟ್ಟಿದ್ದ ಹುಡುಗನೇ ಎದ್ದು ಉತ್ತರಿಸಿದ: ‘ತೋಟದ ಮೋಟಾರಿಗೆ ಅದು ಸರಿ ಸರ್. ಇಲ್ಲಿ ನೀರು ಹೋದ ಮೇಲೆ ಜಲ್ಲಿ ಬೋಳಾಗುತ್ತೆ.’ ತಾನು ಮೊದಲೇ ತಿಳಿದಿದ್ದನ್ನು ಅವನು ಬಿಟ್ಟುಕೊಡಲಿಲ್ಲ, ಅದು ಎಲ್ಲಿ ಸಲ್ಲುತ್ತದೆ ಎಂಬುದನ್ನು ಗುರುತಿಸಿದ.

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ. ಪಾಠಯೋಜನೆಯ ‘ಪೂರ್ವಜ್ಞಾನ’ದ ಕೆಳಗೆ ಎರಡು ಸಾಲು ಹೆಚ್ಚು ಬರೆಯಿರಿ: ಪಾಠದ ಮುಖ್ಯ ಪದವನ್ನು ವಿದ್ಯಾರ್ಥಿ ಇದಕ್ಕೂ ಮುಂಚೆ ಎಲ್ಲಿ ಕೇಳಿರಬಹುದು, ಆ ಅರ್ಥವನ್ನೇ ಇಲ್ಲಿಗೂ ತಂದರೆ ಕೆಲಸದಲ್ಲಿ ಏನು ಕೆಡುತ್ತದೆ? ಎರಡನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ನಿಮ್ಮ ಪ್ರಾತ್ಯಕ್ಷಿಕೆ ಹೇಗಿರಬೇಕೆಂಬ ಸುಳಿವೂ ಇರುತ್ತದೆ.